ಅಪ್‌ಡೇಟ್: ಶಾಲೆಯ ಇಂಟರ್ನೆಟ್ ನಿಯಮಗಳು ಜಾರಿಗೆ ಬಂದವು

ನಮ್ಮ ಹೈಸ್ಕೂಲಿನ ಲ್ಯಾಬಿಗೆ ಇಂಟರ್ನೆಟ್ ಬಂದಿದೆ, ಬಳಕೆಯ ನಿಯಮ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ, ಹೇಗೆ ಶುರು ಮಾಡಲಿ ಅಂತ ಕೇಳಿದ್ದೆ. "ಮಕ್ಕಳನ್ನೂ ಕೂರಿಸಿಕೊಂಡು ಬರೆಯಿರಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ ಮೊದಲ ಪ್ರಶ್ನೆಯೇ ಮೇಷ್ಟ್ರುಗಳ ಬಗ್ಗೆ: "ಸರ್, ನಮ್ಮನ್ನ ಕೇಳದೆ ಫೋಟೊ ಸ್ಟೇಟಸ್‌ಗೆ ಹಾಕ್ತೀರಲ್ಲ, ಅದಕ್ಕೆ ನಿಯಮ ಇಲ್ವಾ?" ನ್ಯಾಯವಾದ ಮಾತು ಅಲ್ವಾ? ಹಾಗಾಗಿ ನಿಯಮ ಈಗ ಶಿಕ್ಷಕರಿಗೂ ಅನ್ವಯ. ಸ್ಟಾಫ್ ರೂಮಿನಲ್ಲಿ ಗೊಣಗಾಟ ಆಯಿತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಪಡೆಯುವುದು ಸಾಮಾನ್ಯ ನಿಯಮ ಅಂತ ತೋರಿಸಿದ ಮೇಲೆ ತಣ್ಣಗಾದರು.

ರೂಟರ್‌ನಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ 1.1.1.3 ಡಿಎನ್‌ಎಸ್ (ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ) ಹಾಕಿದೆವು. ಪುಕ್ಕಟೆ. ಅಶ್ಲೀಲ ಸೈಟು, ವೈರಸ್ ಸೈಟುಗಳನ್ನು ತಡೆಯುತ್ತದೆ. ಗೇಮ್ ತಡೆಯುವುದಿಲ್ಲ, ವಿಪಿಎನ್ (ಇಂಥ ತಡೆ ತಪ್ಪಿಸಿ ಬೇರೆ ದಾರಿಯಲ್ಲಿ ಸೈಟು ತೆರೆಯುವ ಉಪಾಯ) ಗೊತ್ತಿರುವ ಹುಡುಗರನ್ನಂತೂ ತಡೆಯುವುದೇ ಇಲ್ಲ. ಅದಕ್ಕೇ ಪರದೆಗಳೆಲ್ಲ ಮೇಷ್ಟ್ರಿಗೆ ಕಾಣುವ ಹಾಗೆ ಮೇಜುಗಳನ್ನು ತಿರುಗಿಸಿದೆವು. ನಿಜ ಹೇಳಬೇಕಂದರೆ ಫಿಲ್ಟರ್‌ಗಿಂತ ಇದೇ ಜಾಸ್ತಿ ಕೆಲಸ ಮಾಡುತ್ತಿದೆ.

ಪೋಷಕರ ಸಹಿಗೆ ಒಂದೇ ಪುಟ, ಕನ್ನಡದಲ್ಲಿ. ಕೆಳಗೆ ಸೈಬರ್ ವಂಚನೆಗೆ 1930, ಮಕ್ಕಳ ಸಹಾಯವಾಣಿ 1098.

ನಿಯಮ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಎಷ್ಟು ಜನಕ್ಕೆ ಶಿಕ್ಷೆ ಆಯಿತು ಅಂತ ಸುಮ್ನೆ ಎಣಿಸುತ್ತಿಲ್ಲ. ಲ್ಯಾಬಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಪಾಠಕ್ಕೆ ಬೇಕಾದ ಯಾವ ಸೈಟು ತೆರೆಯಲಿಲ್ಲ, ತೊಂದರೆಯಾದಾಗ ಮಗು ಯಾರ ಹತ್ತಿರ ಹೇಳಿತು, ಇಷ್ಟೇ ಬರೆಯುತ್ತೇವೆ, ಹೆಸರಿಲ್ಲದೆ. ದಸರಾ ರಜೆ ಮುಗಿದ ಮೇಲೆ ಮಕ್ಕಳ ಜೊತೆಗೇ ಕೂತು ತಿದ್ದುತ್ತೇವೆ.