ಗಾರ್ಮೆಂಟ್ಸ್ ಕಾರ್ಖಾನೆಗಳ ಸುರಕ್ಷತೆ: ಬಾಂಗ್ಲಾದೇಶದ ಒಪ್ಪಂದದಲ್ಲಿ ನಮಗೆ ಉಪಯೋಗಕ್ಕೆ ಬರುವುದು ಏನಿದೆ?

ಪ್ರಶ್ನೆ (ಸೇಫ್ಟಿ ಆಫೀಸರ್, ಮೈಸೂರು ರಸ್ತೆ)

ಎಲ್ಲರಿಗೂ ನಮಸ್ಕಾರ. ಸಾವಿರಕ್ಕೂ ಹೆಚ್ಚು ಜನ ದುಡಿಯುವ, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳೇ ಇರುವ ಒಂದು ರಫ್ತು ಗಾರ್ಮೆಂಟ್ಸ್‌ನಲ್ಲಿ ನಾನು ಸೇಫ್ಟಿ ಆಫೀಸರ್ ಆಗಿದ್ದೇನೆ. ಬಯ್ಯರ್ ಕಡೆಯಿಂದ ಆಡಿಟ್ ಬರುತ್ತದೆ ಎಂದು ಗೊತ್ತಾದ ದಿನ ಫಿನಿಶಿಂಗ್ ವಿಭಾಗದ ತುರ್ತು ಬಾಗಿಲಿನ ಮುಂದಿರುವ ಕಾರ್ಟನ್ ಪೆಟ್ಟಿಗೆಗಳೆಲ್ಲ ಗೋಡೌನ್ ಸೇರುತ್ತವೆ, ನೆಲದ ಹಳದಿ ಪಟ್ಟಿಗೆ ಹೊಸ ಬಣ್ಣ ಬೀಳುತ್ತದೆ. ಮುಂದಿನ ಶಿಪ್‌ಮೆಂಟ್ ಹತ್ತಿರವಾದಂತೆ ಪೆಟ್ಟಿಗೆಗಳು ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತವೆ. ನೀಡಲ್ ಗಾರ್ಡ್ (ಸೂಜಿ ಬೆರಳಿಗೆ ಚುಚ್ಚದಂತೆ ತಡೆಯುವ ಕವಚ) ಇಳಿಸಿಕೊಂಡರೆ ಕೈ ಓಡುವುದಿಲ್ಲ, ಟಾರ್ಗೆಟ್ ಮುಟ್ಟುವುದಿಲ್ಲ ಎಂದು ಟೈಲರ್‌ಗಳೇ ಅದನ್ನು ಮೇಲಕ್ಕೆತ್ತಿ ಹೊಲಿಯುತ್ತಾರೆ. ಟಾರ್ಗೆಟ್ ಹಾಕಿದವರು ನಾವೇ ಆಗಿರುವಾಗ ಅವರನ್ನು ಗದರಿಸಲು ನನಗೆ ಮನಸ್ಸು ಬರುವುದಿಲ್ಲ.

ಸುರಕ್ಷತಾ ಸಮಿತಿ ನಮ್ಮಲ್ಲಿಯೂ ಇದೆ. ಆದರೆ ಕಾರ್ಮಿಕ ಪ್ರತಿನಿಧಿಗಳ ಹೆಸರನ್ನು ಎಚ್‌ಆರ್ ವಿಭಾಗವೇ ಬರೆಯುತ್ತದೆ ಮತ್ತು ನಡಾವಳಿ ಪುಸ್ತಕಕ್ಕೆ ಸಹಿ ಮಾಡುವಷ್ಟು ಹೊತ್ತು ಮಾತ್ರ ಅವರನ್ನು ಲೈನಿನಿಂದ ಬಿಡುತ್ತಾರೆ. ರಾಣಾ ಪ್ಲಾಜಾ ಕಟ್ಟಡದ ಕುಸಿತದ ನಂತರ ಬಾಂಗ್ಲಾದೇಶದಲ್ಲಿ ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಗಳೂ ಸೇರಿ ಮಾಡಿಕೊಂಡ ‘ಅಕಾರ್ಡ್’ ಒಪ್ಪಂದದ ಬಗ್ಗೆ ಅಲ್ಪಸ್ವಲ್ಪ ಓದಿದ್ದೇನೆ. ಅಲ್ಲಿ ನಿಜವಾಗಿ ಬದಲಾದದ್ದು ಏನು? ಅಂಥ ಒಪ್ಪಂದವಿಲ್ಲದ ನಮ್ಮಂಥ ಕಾರ್ಖಾನೆಯಲ್ಲಿ ಅದರ ಯಾವ ಭಾಗವನ್ನು ಈಗಲೇ ಜಾರಿಗೆ ತರಬಹುದು?

ಉತ್ತರ 1 (ಕಾರ್ಮಿಕ ಕಾನೂನು ಅಧ್ಯಾಪಕಿ, ಬೆಂಗಳೂರು)

ನೀವು ಹೇಳುತ್ತಿರುವ ಆಡಿಟ್ ವ್ಯವಸ್ಥೆ ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿಯೂ ಇತ್ತು ಎಂಬುದನ್ನು ಮೊದಲು ಗಮನಿಸಬೇಕು. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಆ ಕಾರ್ಖಾನೆಗೆ ಅದಕ್ಕೆ ಕೆಲವೇ ವಾರಗಳ ಮುಂಚೆ ಕಾರ್ಮಿಕರ ಕೆಲಸದ ಪರಿಸ್ಥಿತಿ ಸರಿಯಿದೆ ಎನ್ನುವ ಅಂತರರಾಷ್ಟ್ರೀಯ ಮಟ್ಟದ ಎಸ್‌ಎ 8000 ಪ್ರಮಾಣಪತ್ರ ಸಿಕ್ಕಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಢಾಕಾ ಬಳಿಯ ತಾಜ್ರೀನ್ ಕಾರ್ಖಾನೆಯಲ್ಲಿ ನೂರಕ್ಕೂ ಹೆಚ್ಚು ಜನ ಬೆಂಕಿಗೆ ಬಲಿಯಾದರು.

ಆಮೇಲೆ ರಾಣಾ ಪ್ಲಾಜಾ. ಢಾಕಾ ಹತ್ತಿರದ ಸಾವಾರ್‌ನ ಆ ಎಂಟು ಅಂತಸ್ತಿನ ಕಟ್ಟಡದ ಕಂಬಗಳಲ್ಲಿ 2013ರ ಏಪ್ರಿಲ್ 23ರಂದು ಬಿರುಕು ಕಾಣಿಸಿಕೊಂಡಿತು. ಕೆಳಗಿನ ಮಹಡಿಗಳಲ್ಲಿದ್ದ ಬ್ಯಾಂಕು ಮತ್ತು ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಐದು ಗಾರ್ಮೆಂಟ್ಸ್‌ಗಳ ಕಾರ್ಮಿಕರನ್ನು ಮಾತ್ರ, ಬಾರದಿದ್ದರೆ ಸಂಬಳ ಕೊಡುವುದಿಲ್ಲವೆಂದು ಹೆದರಿಸಿ, ಮರುದಿನ ಬೆಳಿಗ್ಗೆ ಒಳಗೆ ಕಳುಹಿಸಲಾಯಿತು. ಕರೆಂಟು ಹೋಗಿ ಮೇಲ್ಮಹಡಿಗಳಲ್ಲಿದ್ದ ಭಾರೀ ಜನರೇಟರ್‌ಗಳು ಚಾಲೂ ಆದ ಸ್ವಲ್ಪ ಹೊತ್ತಿಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಆ ಕಟ್ಟಡ ಅಪಾಯಕಾರಿ ಎಂದು ಕಾರ್ಮಿಕರಿಗೆ ಹಿಂದಿನ ದಿನವೇ ತಿಳಿದಿತ್ತು. ‘ನಾವು ಒಳಗೆ ಹೋಗುವುದಿಲ್ಲ’ ಎಂದು ಅವರ ಪರವಾಗಿ ನಿಂತು ಹೇಳಬಲ್ಲ ಸಂಘ ಆ ಐದರಲ್ಲಿ ಒಂದರಲ್ಲೂ ಇರಲಿಲ್ಲ.

2013ರ ಮೇ ತಿಂಗಳಲ್ಲಿ ಆದ ಅಕಾರ್ಡ್ ಒಪ್ಪಂದದ ಮಹತ್ವ ಇರುವುದು ಇಲ್ಲಿ. ಒಂದು ಕಡೆ ಇಂಡಸ್ಟ್ರಿಆಲ್, ಯುಎನ್‌ಐ ಎಂಬ ಎರಡು ಜಾಗತಿಕ ಕಾರ್ಮಿಕ ಒಕ್ಕೂಟಗಳು ಹಾಗೂ ಬಾಂಗ್ಲಾದೇಶದ ಸಂಘಗಳು, ಇನ್ನೊಂದು ಕಡೆ ಎಚ್ ಆಂಡ್ ಎಂ, ಇಂಡಿಟೆಕ್ಸ್, ಸಿ ಆಂಡ್ ಎ ಮುಂತಾದ ಬ್ರ್ಯಾಂಡ್‌ಗಳು ಸಹಿ ಹಾಕಿದವು. ಬರಬರುತ್ತಾ ಇನ್ನೂರಕ್ಕೂ ಹೆಚ್ಚು ಕಂಪನಿಗಳು ಸೇರಿಕೊಂಡವು. ಆಡಳಿತ ಸಮಿತಿಯಲ್ಲಿ ಕಾರ್ಮಿಕರ ಕಡೆಯವರಿಗೂ ಬ್ರ್ಯಾಂಡ್‌ಗಳಿಗೂ ಸಮಸಮ ಸ್ಥಾನ, ಅಧ್ಯಕ್ಷತೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯದು. ತಪಾಸಣೆಯ ವರದಿಗಳು ಕಾರ್ಖಾನೆಯ ಹೆಸರಿನ ಸಮೇತ ಎಲ್ಲರಿಗೂ ಕಾಣುವಂತೆ ಪ್ರಕಟವಾದವು. ಕಂಡುಹಿಡಿದ ದೋಷಗಳನ್ನು ಪದೇ ಪದೇ ಎಚ್ಚರಿಸಿದರೂ ಸರಿಪಡಿಸದ ಕಾರ್ಖಾನೆಯ ಜೊತೆ ಸಹಿ ಹಾಕಿದ ಎಲ್ಲ ಬ್ರ್ಯಾಂಡ್‌ಗಳೂ ವ್ಯವಹಾರ ನಿಲ್ಲಿಸಬೇಕಿತ್ತು. ದುರಸ್ತಿಗಾಗಿ ಕಾರ್ಖಾನೆ ಮುಚ್ಚಿದರೆ ಆರು ತಿಂಗಳವರೆಗೆ ಕಾರ್ಮಿಕರ ಕೆಲಸ ಮತ್ತು ಸಂಬಳ ಉಳಿಯಬೇಕೆಂಬ ಷರತ್ತೂ, ಅಪಾಯವಿದೆ ಎಂದು ಕಂಡಾಗ ಕೆಲಸ ನಿರಾಕರಿಸುವ ಹಕ್ಕೂ ಒಪ್ಪಂದದಲ್ಲೇ ಇದ್ದವು. ಬ್ರ್ಯಾಂಡ್ ಮಾತು ತಪ್ಪಿದರೆ ಮಧ್ಯಸ್ಥಿಕೆಗೆ ಎಳೆಯಬಹುದಿತ್ತು. 2016ರಲ್ಲಿ ಒಕ್ಕೂಟಗಳು ಎರಡು ಬ್ರ್ಯಾಂಡ್‌ಗಳ ವಿರುದ್ಧ ಹಾಗೆಯೇ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋದವು. ಅವುಗಳಲ್ಲಿ ಒಂದು, ಕಾರ್ಖಾನೆಗಳ ದುರಸ್ತಿ ಮತ್ತು ಸಂಬಂಧಿತ ಕೆಲಸಗಳಿಗೆ 20 ಲಕ್ಷ ಡಾಲರ್‌ಗೂ ಮೀರಿದ ಮೊತ್ತ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು.

ಫಲವೇನು ಎಂದರೆ, ಸುಮಾರು 1,600 ಕಾರ್ಖಾನೆಗಳಲ್ಲಿ ಲಕ್ಷಕ್ಕೂ ಹೆಚ್ಚು ದೋಷಗಳನ್ನು ಪಟ್ಟಿ ಮಾಡಿ, ಐದು ವರ್ಷಗಳಲ್ಲಿ ಬಹುಪಾಲನ್ನು ಸರಿಪಡಿಸಲಾಯಿತು. ಬೀಗ ಹಾಕಬಹುದಾದ ಗೇಟುಗಳನ್ನು ಕಿತ್ತು ಬೆಂಕಿ ತಡೆಯುವ ಬಾಗಿಲು ಕೂರಿಸುವುದು, ಮೆಟ್ಟಿಲುಗಳ ಸುತ್ತ ಹೊಗೆ ನುಗ್ಗದಂತೆ ಗೋಡೆ ಕಟ್ಟುವುದು, ಕಂಬಗಳನ್ನು ಬಲಪಡಿಸುವುದು ಇಂಥವೇ ಹೆಚ್ಚು. ಮಿತಿಯೂ ಇತ್ತು. 2017ರ ಜುಲೈನಲ್ಲಿ ಬಾಂಗ್ಲಾದೇಶದ ಗಾಜಿಪುರದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಸ್ಫೋಟಿಸಿ ಹತ್ತಕ್ಕೂ ಹೆಚ್ಚು ಜನ ಸತ್ತಾಗ, ಬಾಯ್ಲರ್ ತಪಾಸಣೆ ಒಪ್ಪಂದದ ವ್ಯಾಪ್ತಿಯಲ್ಲೇ ಇರಲಿಲ್ಲ.

ಉತ್ತರ 2 (ಸಣ್ಣ ಯೂನಿಟ್ ಮಾಲೀಕರು, ದೊಡ್ಡಬಳ್ಳಾಪುರ)

ಮೇಡಂ ಬರೆದದ್ದನ್ನು ಒಪ್ಪುತ್ತೇನೆ. ಮಾಲೀಕರ ಕಡೆಯ ಒಂದು ವಿಷಯವನ್ನು ಸೇರಿಸಬೇಕು. ಆರಂಭದಲ್ಲಿ ಬಾಂಗ್ಲಾದೇಶದ ತಯಾರಕರಿಗೆ ಆ ಆಡಳಿತ ಸಮಿತಿಯಲ್ಲಿ ಸ್ಥಾನವೇ ಇರಲಿಲ್ಲ. ಬಾಗಿಲು, ಸ್ಪ್ರಿಂಕ್ಲರ್, ಅಲಾರಂ ಎಲ್ಲದಕ್ಕೂ ಹಣ ಹಾಕಬೇಕಾದವರು ಅವರು. ಅವರ ಅಸಮಾಧಾನ ನ್ಯಾಯಾಲಯದವರೆಗೂ ಹೋಯಿತು. ಕೊನೆಗೆ 2020ರ ಜೂನ್‌ನಲ್ಲಿ ಈ ಕೆಲಸವನ್ನು ವಹಿಸಿಕೊಂಡ ಆರ್‌ಎಂಜಿ (ಸಿದ್ಧ ಉಡುಪು) ಸಸ್ಟೇನಬಿಲಿಟಿ ಕೌನ್ಸಿಲ್‌ನಲ್ಲಿ ಬ್ರ್ಯಾಂಡ್, ಕಾರ್ಮಿಕ ಸಂಘ, ತಯಾರಕ ಮೂವರಿಗೂ ಜಾಗ ಸಿಕ್ಕಿತು. ಸುರಕ್ಷಿತ ಕಾರ್ಖಾನೆ ನಡೆಸಲು ಸಾಧ್ಯವಾಗುವಂಥ ದರವನ್ನು ಬ್ರ್ಯಾಂಡ್‌ಗಳು ಕೊಡಬೇಕೆಂದು ಮೂಲ ಒಪ್ಪಂದದಲ್ಲೇ ಬರೆದಿತ್ತು, ಆದರೆ ಪ್ರತಿ ಸೀಸನ್ನಿನಲ್ಲೂ ಪೀಸಿಗೆ ಇಷ್ಟು ಪೈಸೆ ಇಳಿಸಿ ಎಂದು ಕೇಳುವ ಖರೀದಿ ವಿಭಾಗದವರು ಅದೇ ಬ್ರ್ಯಾಂಡ್‌ನ ಸುರಕ್ಷತಾ ವಿಭಾಗದ ಜೊತೆ ಮಾತನಾಡುವುದೇ ಇಲ್ಲ. ನನ್ನ ಯೂನಿಟ್‌ನಲ್ಲಿ ಎರಡನೇ ಮೆಟ್ಟಿಲು ಕಟ್ಟಿಸಲು ನಾನು ಸಾಲ ಮಾಡಿದ್ದೇನೆ. ಅದನ್ನು ಕಟ್ಟಿಸಬೇಕೆಂದು ಹೇಳಿದ ಬಯ್ಯರ್ ದರದಲ್ಲಿ ಒಂದು ರೂಪಾಯಿಯನ್ನೂ ಏರಿಸಲಿಲ್ಲ. ಮೆಟ್ಟಿಲು ಬೇಕಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಉತ್ತರ 3 (ಹಿಂದೆ ಟೈಲರ್, ಈಗ ಸಂಘದ ಕಾರ್ಯಕರ್ತೆ, ಪೀಣ್ಯ)

ಸರ್, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಅನುಭವದಿಂದ ಉತ್ತರಿಸುತ್ತೇನೆ. ಬೇರೆಲ್ಲಕ್ಕಿಂತ ಮೊದಲು ಸಮಿತಿಯ ಸದಸ್ಯರನ್ನು ಕಾರ್ಮಿಕರೇ ಆರಿಸಲಿ. ಕಟಿಂಗ್, ಹೊಲಿಗೆ, ಫಿನಿಶಿಂಗ್, ಪ್ಯಾಕಿಂಗ್ ಹೀಗೆ ವಿಭಾಗಕ್ಕೆ ಒಬ್ಬರಂತೆ ಚೀಟಿ ಹಾಕಿ ಆರಿಸಿದರೆ, ಎಚ್‌ಆರ್‌ಗೆ ಬೇಕಾದವರ ಬದಲು ಲೈನಿನವರು ನಂಬುವವರು ಬರುತ್ತಾರೆ. ಸಂಘವಿರುವ ಕಡೆ ಸಂಘವೇ ಹೆಸರು ಕೊಡಲಿ. ತಮಿಳುನಾಡಿನ ದಿಂಡಿಗಲ್‌ನಲ್ಲಿ 2022ರ ಏಪ್ರಿಲ್‌ನಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಅಲ್ಲಿನ ಜವಳಿ ಕಾರ್ಮಿಕರ ಟಿಟಿಸಿಯು ಸಂಘ, ರಫ್ತು ಕಂಪನಿ ಮತ್ತು ಬ್ರ್ಯಾಂಡ್‌ಗಳ ನಡುವೆ ಆದ ಒಪ್ಪಂದದಲ್ಲಿ, ತರಬೇತಿ ಪಡೆದ ಕಾರ್ಮಿಕರೇ ಫ್ಲೋರಿನಲ್ಲಿ ನಿಗಾ ಇಡುವ ವ್ಯವಸ್ಥೆ ಬಂತು. ಸೂಪರ್‌ವೈಸರ್ ಬೈಗುಳಕ್ಕೆ ಹೆದರುವ ಹುಡುಗಿ ಸುಟ್ಟ ವೈರಿನ ವಾಸನೆ ಬಂದರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಮಾನದ ಪ್ರಶ್ನೆಯನ್ನೂ ಬೆಂಕಿಯ ಪ್ರಶ್ನೆಯನ್ನೂ ನಾನು ಬೇರೆ ಬೇರೆ ಎಂದು ನೋಡುವುದಿಲ್ಲ.

ನಿಮ್ಮ ಫ್ಲೋರಿನಲ್ಲಿ ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರೂ ಇರಬಹುದು. ಅವರೊಳಗಿಂದಲೂ ಒಬ್ಬರು ಸಮಿತಿಯಲ್ಲಿರಲಿ, ಫೈರ್ ಡ್ರಿಲ್‌ನ ಸೂಚನೆಗಳನ್ನು ಒಡಿಯಾ ಮತ್ತು ಹಿಂದಿಯಲ್ಲಿಯೂ ಹೇಳಿಸಿ. ನೀಡಲ್ ಗಾರ್ಡ್ ವಿಷಯದಲ್ಲಿ, ಗಾರ್ಡ್ ಇಳಿಸಿಕೊಂಡು ಹೊಲಿದಾಗ ಎಷ್ಟು ಪೀಸು ಬರುತ್ತದೆಯೋ ಅದರ ಮೇಲೆಯೇ ಟಾರ್ಗೆಟ್ ಲೆಕ್ಕ ಹಾಕಬೇಕೆಂದು ಸಮಿತಿಯಲ್ಲಿ ಚರ್ಚೆಗೆ ತನ್ನಿ. ಅದು ಪ್ರೊಡಕ್ಷನ್‌ನವರ ವಿಷಯವೆಂದು ಹೇಳಿ ಪಕ್ಕಕ್ಕೆ ಸರಿಸಲು ಬಿಡಬೇಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಚುನಾವಣೆಯ ವಿಷಯವನ್ನು ಮ್ಯಾನೇಜ್‌ಮೆಂಟ್ ಮುಂದೆ ಇಟ್ಟರೆ ‘ಇದು ಸಂಘ ಕಟ್ಟುವುದಕ್ಕೆ ದಾರಿ’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಏನು ಹೇಳಲಿ?

ಉತ್ತರ 1 ಬರೆದವರು

ಸಂಘ ಕಟ್ಟುವುದು ಕಾರ್ಮಿಕರಿಗೆ ಕಾನೂನು ಕೊಟ್ಟ ಹಕ್ಕು ಎಂಬುದನ್ನು ಮರೆಮಾಚದೆ ಹೇಳಿ. ಅದರ ಜೊತೆಗೆ, ಬಾಂಗ್ಲಾದೇಶವು 2013ರಲ್ಲಿ ಕಾನೂನು ತಿದ್ದಿ 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗಳಲ್ಲಿ ಸುರಕ್ಷತಾ ಸಮಿತಿಯನ್ನು ಕಡ್ಡಾಯ ಮಾಡಿತು ಎಂಬುದನ್ನೂ ತಿಳಿಸಿ. ನಿಮ್ಮ ಬಯ್ಯರ್‌ಗಳಲ್ಲಿ ಅಕಾರ್ಡ್‌ಗೆ ಸಹಿ ಹಾಕಿದವರು ಇದ್ದಾರೆಯೇ ಎಂದು ಪಟ್ಟಿ ನೋಡಿ. ಇದ್ದರೆ, ಢಾಕಾದಲ್ಲಿ ಒಪ್ಪಿದ್ದನ್ನು ಬೆಂಗಳೂರಿನಲ್ಲಿ ಬೆಂಬಲಿಸುತ್ತೀರಾ ಎಂದು ಮುಂದಿನ ಆಡಿಟ್‌ನ ಮೊದಲೇ ಅವರಿಗೆ ಲಿಖಿತವಾಗಿ ಕೇಳುವಂತೆ ಮ್ಯಾನೇಜ್‌ಮೆಂಟನ್ನು ಒಪ್ಪಿಸಿ. ಎರಡನೇ ಉತ್ತರದಲ್ಲಿ ಬಂದ ದರದ ಪ್ರಶ್ನೆಯನ್ನೂ ಅದೇ ಪತ್ರದಲ್ಲಿ ಸೇರಿಸಿದರೆ, ಈ ವಿಷಯದಲ್ಲಿ ನೀವು ತಮ್ಮ ಎದುರಾಳಿಯಲ್ಲ ಎಂಬುದು ನಿಮ್ಮ ಮ್ಯಾನೇಜ್‌ಮೆಂಟ್‌ಗೂ ಅರ್ಥವಾಗುತ್ತದೆ.