ಅಣು ಸ್ಥಾವರದಲ್ಲಿ ಒಬ್ಬನನ್ನು ಎಷ್ಟು ಗಂಟೆ ದುಡಿಸ್ಬಹುದು? ಗೊತ್ತಿದ್ದವರು ಹೇಳಿ

ಪೆರ್ಲದವ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಐಟಿಐ ಫಿಟ್ಟರ್, ಕಂಟ್ರಾಕ್ಟರ್ ಒಬ್ಬರ ಕೈಕೆಳಗೆ ಒಂದು ಅಣು ವಿದ್ಯುತ್ ಸ್ಥಾವರಕ್ಕೆ ಶಟ್‌ಡೌನ್ ಕೆಲಸಕ್ಕೆ (ಸ್ಥಾವರ ನಿಲ್ಲಿಸಿ ಮಾಡುವ ರಿಪೇರಿ) ಹೋಗಿದ್ದಾನೆ, ಯಾವುದು ಅಂತ ಹೇಳುದಿಲ್ಲ. ದಿನಕ್ಕೆ 12 ಗಂಟೆ. ಮೊದಲು ಡೇ ಇತ್ತು, ನಾಲ್ಕು ದಿನದಿಂದ ನೈಟ್ ಹಾಕಿದ್ದಾರೆ, ಇವತ್ತಿಗೆ 13 ದಿನ ಆಯ್ತು ಒಂದು ರಜೆ ಇಲ್ಲ. ನಿನ್ನೆ ಸಂಜೆ ಅಮ್ಮ ಫೋನ್ ಮಾಡಿದ್ರು, ಊಟ ಆಯ್ತಾ ಕೇಳಿದ್ದಕ್ಕೆ ಹೂಂ ಅಂದ, ಎಂತ ಪದಾರ್ಥ ಅಂತ ಕೇಳುವಾಗ ಆ ಕಡೆಯಿಂದ ಸದ್ದೇ ಇಲ್ಲ, ಬರೀ ಉಸಿರು ಕೇಳ್ತಾ ಉಂಟು. ಮಾತಾಡ್ತಾ ಮಾತಾಡ್ತಾ ನಿದ್ದೆ. ಅಮ್ಮ ಫೋನ್ ಕಟ್ ಮಾಡದೆ ಕಿವಿಗೆ ಹಿಡ್ಕೊಂಡು ಸುಮಾರು ಹೊತ್ತು ಹಾಗೇ ಕೂತಿದ್ರು. ಇನ್ನೆರಡು ಗಂಟೆಯಲ್ಲಿ ಅವನಿಗೆ ಡ್ಯೂಟಿಗೆ ಹೋಗ್ಲಿಕ್ಕಿತ್ತು, ಪೈಪಿನ ಫ್ಲಾಂಜ್ ಬೋಲ್ಟ್ ಬಿಗಿಯುವ ಕೆಲಸ. ಬೇರೆ ಯಾವ ಫ್ಯಾಕ್ಟರಿಯಾದ್ರೂ ನನಗೆ ಇಷ್ಟು ಹೆದರಿಕೆ ಆಗ್ತಿರ್ಲಿಲ್ಲವೋ ಏನೋ. ಇಂಥ ಜಾಗದಲ್ಲಿ ಇಷ್ಟೇ ಗಂಟೆ ಅಂತ ಕಾನೂನು ಇಲ್ವಾ? ನಮ್ಮ ಕಾಸರಗೋಡಿನ ಚೀಮೇನಿ ಹೆಸರೂ ಅಣು ಸ್ಥಾವರಕ್ಕೆ ಕೇಳಿ ಬರ್ತಾ ಉಂಟಲ್ಲ, ಎಲ್ಲರೂ ರೇಡಿಯೇಷನ್ ಅಂತಾರೆ, ಅಲ್ಲಿ ಕೆಲಸ ಮಾಡುವವ ನಿದ್ದೆ ಮಾಡಿದ್ದಾನಾ ಅಂತ ಒಬ್ಬರೂ ಕೇಳುದಿಲ್ಲ.

ಮಂಜೇಶ್ವರ ನಿವೃತ್ತ:
ನಿಮ್ಮ ಹೆದರಿಕೆ ಸರಿಯೇ. ನಾನು ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಮಾಡಿಯೇ ರಿಟೈರ್ ಆದವ, ಊರು ಮಂಜೇಶ್ವರ. ಮೊದಲು ನಂದೇ ಒಂದು ಕಥೆ ಹೇಳ್ತೇನೆ. ರಿಲೀವರ್ ಬಾರದೆ ಪ್ಯಾನೆಲ್ ಬಿಟ್ಟು ಏಳುವ ಹಾಗಿಲ್ಲ, ಅದು ಅಲ್ಲಿಯ ಮೊದಲನೇ ಪಾಠ. ಒಂದು ದಿನ ರಿಲೀವರ್ ಮನೆಯಲ್ಲಿ ಮರಣ, ಸೆಕೆಂಡ್ ಶಿಫ್ಟ್ ಮುಗ್ಸಿದ ನಾನೇ ನೈಟಿಗೂ ಕೂತೆ, ಒಟ್ಟು 16 ಗಂಟೆ. ಗಂಟೆಗೊಮ್ಮೆ ಪ್ರೆಶರ್, ಟೆಂಪರೇಚರ್, ಲೆವೆಲ್ ಎಲ್ಲ ಲಾಗ್ ಶೀಟಿನಲ್ಲಿ ಬರಿಬೇಕು. ಬೆಳಿಗ್ಗೆ ಬಂದವರು ಶೀಟ್ ತೋರ್ಸಿದ್ರು, 3 ಗಂಟೆಯ ಸಾಲು 4 ಗಂಟೆಯ ಸಾಲು ಪಾಯಿಂಟ್ ಸಮೇತ ಒಂದೇ, ಕೊನೆಯ ಅಂಕೆಯಿಂದ ಪೆನ್ನು ಜಾರಿ ಕಾಗದದ ಅಂಚಿನ ತನಕ ಒಂದು ಗೆರೆ. ಮೀಟರ್ ನೋಡಿ ಬರ್ದದ್ದಲ್ಲ, ಮೇಲಿನ ಸಾಲು ನೋಡಿ ಬರ್ದದ್ದು. ಯಾರಾದ್ರೂ ಆಗ ಕೇಳಿದ್ರೆ ನಾನು ಪೂರ್ತಿ ಎಚ್ಚರ ಇದ್ದೇನೆ ಅಂತ ದೇವರಾಣೆ ಮಾಡ್ತಿದ್ದೆ. ಇದೇ ಮುಖ್ಯ ವಿಷಯ, ದಣಿದವನಿಗೆ ತಾನು ಎಷ್ಟು ದಣಿದಿದ್ದೇನೆ ಅಂತ ಗೊತ್ತಾಗುದಿಲ್ಲ. ಅದಕ್ಕೇ "ನಿನಗೆ ಆಗ್ತದಾ?" ಅಂತ ಅವನನ್ನೇ ಕೇಳಿ ಬಿಡುದಲ್ಲ, ಹೊರಗಿನಿಂದ ಒಂದು ಮಿತಿ ಬೇಕು.

ಕಾನೂನು ಉಂಟು. 1948ರ ಫ್ಯಾಕ್ಟರಿ ಕಾಯ್ದೆ ಇಟ್ಟ ಲೆಕ್ಕ ದಿನಕ್ಕೆ 9, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಓವರ್‌ಟೈಮ್ ಸೇರಿಸಿದ್ರೂ ವಾರಕ್ಕೆ 60. ಹೊಸ ಲೇಬರ್ ಕೋಡ್ ಬಂದ್ರೂ ಆ 48 ಹಾಗೇ ಉಂಟು. ಅಣು ಸ್ಥಾವರಗಳಿಗೆ 1996ರಲ್ಲಿ ಬೇರೆಯೇ ಫ್ಯಾಕ್ಟರಿ ನಿಯಮ ಮಾಡಿ ಅದರ ಜವಾಬ್ದಾರಿ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಕೊಟ್ರು. ಆದ್ರೆ ಕಾರ್ಮಿಕ ಕಾನೂನು ಎಣಿಸುದು ದುಡಿದ ಗಂಟೆ ಮತ್ತು ಕೂಲಿ. ಆ ಗಂಟೆ ಹಗಲಿನದ್ದೋ ಬೆಳಗಿನ ಜಾವ ನಾಲ್ಕರದ್ದೋ ಅದಕ್ಕೆ ಎರಡೂ ಒಂದೇ.

ಅಮೆರಿಕದವರು ಇದನ್ನು ಬೇರೆ ರೀತಿ ಎಣಿಸಿದ್ರು. 1987ರ ಮಾರ್ಚ್ 31ಕ್ಕೆ ಪೆನ್ಸಿಲ್ವೇನಿಯದ ಪೀಚ್ ಬಾಟಮ್ ಸ್ಥಾವರವನ್ನು ನಿಲ್ಲಿಸ್ಲಿಕ್ಕೆ ಅಲ್ಲಿಯ ನಿಯಂತ್ರಣ ಆಯೋಗ ಆರ್ಡರ್ ಮಾಡಿತು, ಆಪರೇಟರ್‌ಗಳು ಡ್ಯೂಟಿಯಲ್ಲಿ ನಿದ್ದೆ ಮಾಡ್ತಿದ್ರು ಅಂತ. ಗಂಟೆಗಳ ಬಗ್ಗೆ 1982ರಿಂದಲೇ ಒಂದು ಮಾರ್ಗಸೂಚಿ ಇತ್ತು, ಆದ್ರೆ ಕಟ್ಟುನಿಟ್ಟಿನ ನಿಯಮ ಬಂದದ್ದು 2008ರಲ್ಲಿ. 24 ಗಂಟೆಯಲ್ಲಿ 16, 48ರಲ್ಲಿ 26, ಏಳು ದಿನದಲ್ಲಿ 72, ಇದರ ಮೇಲೆ ಇಲ್ಲ. ಎರಡು ಡ್ಯೂಟಿ ನಡುವೆ 10 ಗಂಟೆ ಬಿಡುವು, ಶಿಫ್ಟ್ ಬದಲಾಗುವಾಗ ಬೇಕಾದ್ರೆ 8, ಮತ್ತೆ ಯಾವುದೇ 9 ದಿನದೊಳಗೆ ಒಮ್ಮೆ ಒಟ್ಟಿಗೆ 34 ಗಂಟೆ ರೆಸ್ಟ್. ಈ ಕೊನೆಯದ್ದು ನೋಡಿ, 34 ಗಂಟೆ ಅಂದ್ರೆ ಒಂದು ರಾತ್ರಿ ಪೂರ್ತಿ ಮನೆಯಲ್ಲಿ ಮಲಗ್ಲಿಕ್ಕೆ ಸಿಗ್ತದೆ. ಶಟ್‌ಡೌನ್ ಟೈಮಿಗೆ ರಜೆಯ ಲೆಕ್ಕ ಸ್ವಲ್ಪ ಸಡಿಲ ಮಾಡ್ತಾರೆ, ಆದ್ರೂ ಮೇಂಟೆನೆನ್ಸ್‌ನವರಿಗೆ ಏಳು ದಿನಕ್ಕೆ ಒಂದು ರಜೆ ಕೊಡ್ಲೇಬೇಕು. ನಿಯಮ ಯಾರಿಗೆ ಅಂತ ನೋಡುದು ಕೆಲಸ ಏನು ಅಂತ, ಸಂಬಳ ಯಾರು ಕೊಡ್ತಾರೆ ಅಂತಲ್ಲ, ಹಾಗಾಗಿ ಸುರಕ್ಷತೆಗೆ ಬೇಕಾದ ಯಂತ್ರ ಮುಟ್ಟುವ ಕಂಟ್ರಾಕ್ಟಿನವನೂ ಒಳಗೆ ಬರ್ತಾನೆ. ನಿಮ್ಮ ತಮ್ಮನದ್ದು ವಾರಕ್ಕೆ 84 ಆಯ್ತು. ಅಲ್ಲಿಯ ಸಡಿಲ ಲೆಕ್ಕಕ್ಕೂ ಮೇಲೆ ಹೋಯ್ತು.

ಕುಂಬ್ಳೆ ಸಿಸ್ಟರ್:
ನಾನು ನರ್ಸ್, ಅಣು ವಿಷಯ ಗೊತ್ತಿಲ್ಲ, ನೈಟ್ ಡ್ಯೂಟಿ ವಿಷಯ ಗೊತ್ತುಂಟು. ನಮ್ಮ ಊರಿನವರಿಗೆ ಇದನ್ನು ವಿವರಿಸುದು ಬೇಡ, ರಾತ್ರಿಯಿಡೀ ಯಕ್ಷಗಾನ ಆಟ ನೋಡಿದವರಿಗೆಲ್ಲ ಗೊತ್ತು, ಮೂರೂವರೆ ನಾಲ್ಕರ ಹೊತ್ತಿಗೆ ಚೆಂಡೆ ಕಿವಿ ಪಕ್ಕದಲ್ಲೇ ಬಡಿದ್ರೂ ಕಣ್ಣು ತೆರೆಯುದಿಲ್ಲ. ಎರಡರಿಂದ ಆರರ ತನಕ ದೇಹ ಇಳಿಯುವ ಹೊತ್ತು ಅದು, ಚಾ ಕುಡಿದ್ರೆ ಸರಿ ಆಗುವಂಥದ್ದಲ್ಲ. 17 ಗಂಟೆ ಎಚ್ಚರ ಇದ್ದವನ ಕೈ ಮತ್ತು ತಲೆ ರಕ್ತದಲ್ಲಿ ಶೇ. 0.05 ಮದ್ಯ ಇದ್ದವನ ಹಾಗೆ ಕೆಲಸ ಮಾಡ್ತದೆ ಅಂತ 1997ರಲ್ಲೇ ಪ್ರಯೋಗ ಮಾಡಿ ತೋರ್ಸಿದ್ದಾರೆ. ಕುಡಿದು ಬಂದವನನ್ನು ಗೇಟಲ್ಲಿ ನಿಲ್ಲಿಸ್ತಾರೆ, ನಿದ್ದೆ ಕೆಟ್ಟವನನ್ನು ಯಾರೂ ನಿಲ್ಲಿಸುದಿಲ್ಲ. ಇನ್ನೊಂದು, ಡೇಯಿಂದ ನೈಟಿಗೆ ಹಾಕಿದ ಮೊದಲ ದಿನಗಳು ತುಂಬ ಕಷ್ಟ. ಹಗಲು ಎಂಟು ಗಂಟೆ ಮಲಗಿದ್ರೂ ನಿದ್ದೆ ಸಿಗುದು ಐದೋ ಆರೋ. ಅವನ ರೂಮಿನ ಕಿಟಕಿಗೆ ದಪ್ಪ ಬಟ್ಟೆ ಕಟ್ಲಿಕ್ಕೆ ಹೇಳಿ, ಡ್ಯೂಟಿ ಮುಗ್ಸಿ ಬೈಕ್ ಓಡಿಸ್ಲೇಬಾರ್ದು ಅಂತ ಗಟ್ಟಿಯಾಗಿ ಹೇಳಿ.

ಮುಳ್ಳೇರಿಯ ವೆಲ್ಡರ್:
ಒಂದು ಮಾತು ಹೇಳ್ತೇನೆ ಬೇಜಾರು ಮಾಡ್ಬೇಡಿ. ನಾನೂ ಶಟ್‌ಡೌನ್ ಕೆಲಸಕ್ಕೇ ಹೋಗುವವ, ಗಲ್ಫಿನಲ್ಲೂ ಮಾಡಿದ್ದೇನೆ. ರಜೆ ಬೇಡ ಅನ್ನುದು ಎಷ್ಟೋ ಸಲ ನಾವೇ. ವರ್ಷದಲ್ಲಿ ಕೆಲಸ ಇರುದೇ ಕೆಲವು ತಿಂಗಳು, ಓವರ್‌ಟೈಮಿಗೆ ಡಬಲ್ ಕೂಲಿ, ಮನೆ ಸಾಲ ಅದರಲ್ಲೇ ತೀರ್ಬೇಕು. ಗಂಟೆ ಕಟ್ ಮಾಡಿ ಅಂತ ನಿಯಮ ಬಂದ್ರೆ ಮೇಲಿನವರಿಗೆ ನಿದ್ದೆ ಸಿಗ್ತದೆ, ನಮಗೆ ಸಿಗುದು ಕಮ್ಮಿ ದುಡ್ಡು. ಸುಸ್ತಾಗಿದೆ ಅಂತ ಒಬ್ಬ ಹೇಳಿದ್ರೆ ಮುಂದಿನ ಸಲ ಅವನಿಗೆ ಗೇಟ್ ಪಾಸೇ ಬರುದಿಲ್ಲ, ನಾನೇ ನೋಡಿದ್ದೇನೆ.

ಮಂಜೇಶ್ವರ ನಿವೃತ್ತ:
ನೀವು ಹೇಳಿದ್ದು ಸತ್ಯ, ಅದಕ್ಕೆ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಮೂಲ ಕೂಲಿ ಹೊಟ್ಟೆಗೆ ಸಾಕಾಗುವಷ್ಟು ಇಲ್ಲದಿದ್ರೆ ಯಾವ ನಿಯಮವನ್ನೂ ಕಾರ್ಮಿಕನೇ ಅಡ್ಡದಾರಿಯಲ್ಲಿ ದಾಟ್ತಾನೆ. ಆದ್ರೆ ನಿದ್ದೆಗೆಟ್ಟು ಬಿಗಿದ ಬೋಲ್ಟ್ ಅಲ್ಲೇ ಉಳಿತದೆ, ಶಟ್‌ಡೌನ್ ಮುಗ್ದು ರಿಯಾಕ್ಟರ್ ಓಡುವಾಗ ಅದರ ಮೇಲೆ ಪ್ರೆಶರ್ ಬೀಳ್ತದೆ. ರಿಯಾಕ್ಟರ್ ಅಂದ್ರೆ ಸ್ವಿಚ್ ಒತ್ತಿದ್ರೆ ತಣ್ಣಗಾಗುವ ಒಲೆ ಅಲ್ಲ, ನಿಲ್ಲಿಸಿದ ಕೂಡ್ಲೆ ಕೂಡ ಪೂರ್ತಿ ಶಾಖದ ಶೇ. 6ರಷ್ಟು ಬರ್ತಾ ಇರ್ತದೆ, ದಿನಗಟ್ಟಲೆ ನೀರು ಹರಿಸಿ ತಣಿಸ್ಬೇಕು. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ 1979ರ ಮಾರ್ಚ್ 28ಕ್ಕೆ ಅಪಘಾತ ಶುರುವಾದದ್ದು ಬೆಳಗಿನ ಜಾವ 4ಕ್ಕೆ. ಒಂದು ವಾಲ್ವ್ ತೆರೆದೇ ಉಳಿದಿತ್ತು, ದೀಪ ನೋಡಿದ್ರೆ ಮುಚ್ಚಿದ ಹಾಗೆ ಕಾಣ್ತಿತ್ತು, ಅಲ್ಲಿದ್ದವರಿಗೆ ಎರಡು ಗಂಟೆ ಮೇಲಾದ್ರೂ ಹೊಳಿಲಿಲ್ಲ. ಆಮೇಲೆ ಬಂದ ಬೇರೆ ಸೂಪರ್‌ವೈಸರ್ ನೋಡಿ ಅದರ ಮುಂದಿನ ವಾಲ್ವ್ ಮುಚ್ಚಿಸಿದ್ರು. ನಿದ್ದೆಯೇ ಕಾರಣ ಅಂತ ನಾನು ಹೇಳುದಿಲ್ಲ, ದೀಪದ ವ್ಯವಸ್ಥೆಯೇ ತಪ್ಪಿತ್ತು. ಆದ್ರೆ ಹೊಸದಾಗಿ ಬಂದ ಒಂದು ಜೋಡಿ ಕಣ್ಣಿನ ಬೆಲೆ ನನಗೆ ಅರ್ಥ ಆದದ್ದು ಅದನ್ನು ಓದಿದ ಮೇಲೆ.

ಸುಸ್ತು ಅಂತ ಹೇಳಿದವನ ಬಗ್ಗೆ: ಆ 2008ರ ನಿಯಮದಲ್ಲಿ "ನಾನು ಈಗ ಈ ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿ ಇಲ್ಲ" ಅಂತ ಕೆಲಸಗಾರನೇ ಹೇಳ್ಲಿಕ್ಕೆ ದಾರಿ ಇಟ್ಟಿದ್ದಾರೆ. ಮಿತಿ ದಾಟಿಸ್ಬೇಕಾದ್ರೆ ಸುರಕ್ಷತೆಗೆ ಅದು ಬೇಕೇ ಬೇಕು ಅಂತ ಶಿಫ್ಟ್ ಮುಖ್ಯಸ್ಥ ಒಪ್ಬೇಕು, ಸೂಪರ್‌ವೈಸರ್ ಆ ಮನುಷ್ಯನನ್ನು ಎದುರು ನಿಂತು ನೋಡಿ ಮಾತಾಡಿಸ್ಬೇಕು, ಅದೂ ಕೆಲಸಕ್ಕೆ ನಾಲ್ಕು ಗಂಟೆ ಒಳಗೆ. ಫೋನಲ್ಲಿ ಆಗುದಿಲ್ಲ. ಬೇಗ ಮುಗಿಬೇಕು ಅನ್ನುದು ಕಾರಣ ಆಗುದಿಲ್ಲ. ಈ ಎದುರು ನಿಂತು ನೋಡುವ ಪದ್ಧತಿಯೊಂದನ್ನು ಕಂಟ್ರಾಕ್ಟ್ ಗ್ಯಾಂಗಿಗೂ ತರ್ಬೇಕು ಅಂತ ನನ್ನ ಆಸೆ.

ಪೆರ್ಲದವ, ತಮ್ಮನಿಗೆ ಒಳಗೆ ಹೋದ ಹೊರಗೆ ಬಂದ ಟೈಮ್ ದಿನಾ ಬರ್ದಿಡ್ಲಿಕ್ಕೆ ಹೇಳಿ. ಬಾಯಿಮಾತಿನ ದೂರಿಗಿಂತ ಬರ್ದ ಲೆಕ್ಕಕ್ಕೆ ತೂಕ ಜಾಸ್ತಿ.

ಪೆರ್ಲದವ:
ತುಂಬ ಉಪಕಾರ ಆಯ್ತು ಎಲ್ಲರಿಂದ. ಅವನಿಗೆ ಇದನ್ನೆಲ್ಲ ಓದಿ ಹೇಳಿದೆ. ಟೈಮ್ ಎಲ್ಲ ಅವ ಮೊದಲೇ ಕ್ಯಾಲೆಂಡರಿನ ಹಿಂದೆ ಬರ್ದಿಟ್ಟಿದ್ದಾನಂತೆ, ಕೂಲಿ ಲೆಕ್ಕಕ್ಕೆ ಅಂತ. ಅದನ್ನೇ ತೋರಿಸಿ ಸೂಪರ್‌ವೈಸರ್ ಹತ್ರ ಒಂದು ದಿನ ಕೇಳಿದ್ದಾನೆ, ಭಾನುವಾರ ನೋಡುವ ಅಂದಿದ್ದಾರಂತೆ. ಕಿಟಕಿಗೆ ಲುಂಗಿ ಕಟ್ಟಿದ್ದಾನೆ. ಅಮ್ಮನಿಗೆ ಹೇಳಿದ್ದೇನೆ, ಹಗಲು ಅವನಿಗೆ ಫೋನ್ ಮಾಡ್ಬೇಡಿ, ಸಂಜೆ ಎದ್ದ ಮೇಲೆ ಅವನೇ ಮಾಡ್ತಾನೆ ಅಂತ.