ಟಿಬಿ ಮಾತ್ರೆ ಜೊತೆ ಮಾಲಾ-ಎನ್ ಕೆಲಸ ಮಾಡುತ್ತದಾ?

ಕನಕಾಂಬರ:
ಟಿಬಿ ಮಾತ್ರೆ ಶುರು ಮಾಡಿ ಆರು ವಾರ ಆಯಿತು. ಬೆಳಿಗ್ಗೆ ಅದು, ರಾತ್ರಿ ಊಟ ಆದ ಮೇಲೆ ಗರ್ಭ ನಿಲ್ಲದಿರಲು ಮಾಲಾ-ಎನ್ ಮಾತ್ರೆ. ಮಗಳಿಗೆ ಎರಡೂವರೆ ವರ್ಷ, ಸದ್ಯಕ್ಕೆ ಇನ್ನೊಂದು ಬೇಡ. ಒಂದು ದಿನವೂ ತಪ್ಪಿಸಿಲ್ಲ. ಆದರೆ ಈ ಸಲ ಮಾಲಾ-ಎನ್ ಪಟ್ಟಿಯ ಬಿಳಿ ಹಾರ್ಮೋನ್ ಮಾತ್ರೆ ಇನ್ನೂ ಎಂಟು ಉಳಿದಿರುವಾಗಲೇ ಎರಡು ದಿನ ರಕ್ತದ ಕಲೆ ಕಾಣಿಸಿತು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದರು. ಟಿಬಿ ಮಾತ್ರೆ ಕೊಡುವಾಗ ಬೇರೆ ಏನು ತಗೊಳ್ತೀರಿ ಅಂತ ಕೇಳಿದ್ದರು, ಪಕ್ಕದಲ್ಲಿ ಅತ್ತೆ ಇದ್ದರು, ನಾನು ಬಾಯಿ ಬಿಡಲಿಲ್ಲ.

ಹೊಳೆದಂಡೆ:
ಯಾವ ಆಂಟಿಬಯೋಟಿಕ್ ತಗೊಂಡರೂ ಗರ್ಭನಿರೋಧಕ ಮಾತ್ರೆ ಕೆಲಸ ಮಾಡುವುದಿಲ್ಲ ಅಂತ ಕೇಳಿದ್ದೇನೆ.

ಬಿಳಿಕೋಟು:
ಎಲ್ಲ ಆಂಟಿಬಯೋಟಿಕ್ ಅಲ್ಲ. ಗಂಟಲು ನೋವಿಗೆ ಕೊಡುವ ಅಮಾಕ್ಸಿಸಿಲಿನ್‌ನಿಂದ ಏನೂ ಆಗುವುದಿಲ್ಲ, ವಾಂತಿ ಭೇದಿ ಜಾಸ್ತಿ ಆದರೆ ಮಾತ್ರ ತೊಂದರೆ. ಆದರೆ ಟಿಬಿಗೆ ಕೊಡುವ ರಿಫಾಂಪಿಸಿನ್ ಬೇರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ ಅಲ್ವಾ? ಅದೇ ಮಾತ್ರೆ. ಅದು ಲಿವರ್‌ನ ಕೆಲಸ ಚುರುಕು ಮಾಡಿಬಿಡುತ್ತದೆ, ಮಾಲಾ-ಎನ್‌ನಲ್ಲಿರುವ ಎರಡೂ ಹಾರ್ಮೋನುಗಳು ಬೇಗ ಕರಗಿಹೋಗಿ ರಕ್ತದಲ್ಲಿ ಬೇಕಾದಷ್ಟು ಉಳಿಯುವುದಿಲ್ಲ. ನಡುವೆ ಕಲೆ ಕಾಣಿಸಿದ್ದೂ ಅದಕ್ಕೇ ಇರಬಹುದು. ನೀವು ತಪ್ಪದೆ ನುಂಗಿದ್ದರೂ ಅದನ್ನೇ ನಂಬಿಕೊಂಡು ಕೂರುವ ಹಾಗಿಲ್ಲ.

ಇವತ್ತಿನಿಂದಲೇ ನಿರೋಧ್ ಬಳಸಿ. ಮೊದಲು ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಆಮೇಲೆ ಕಾಪರ್ ಟಿ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಇಂಜೆಕ್ಷನ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಕಾಪರ್ ಟಿಯಲ್ಲಿ ಹಾರ್ಮೋನೇ ಇಲ್ಲ, ಅಂತರಕ್ಕೂ ರಿಫಾಂಪಿಸಿನ್ ಅಡ್ಡಿ ಮಾಡುವುದಿಲ್ಲ. ತೋಳಿನಲ್ಲಿ ಇಡುವ ಇಂಪ್ಲಾಂಟ್ ಮಾತ್ರ ಬೇಡ, ಅದರ ಬಲವೂ ಕುಗ್ಗುತ್ತದೆ. ತುರ್ತು ಗರ್ಭನಿರೋಧಕ ಮಾತ್ರೆಯದ್ದೂ ಅದೇ ಕಥೆ, ಹಾಗಾಗಿ ಎಲ್ಲಾದರೂ ಎಡವಟ್ಟಾದರೆ 5 ದಿನದೊಳಗೆ ಕಾಪರ್ ಟಿ ಹಾಕಿಸಿಕೊಳ್ಳುವುದೇ ಭರವಸೆಯ ದಾರಿ. ಟಿಬಿ ಕೋರ್ಸ್ 6 ತಿಂಗಳು ಮುಗಿದ ಮೇಲೂ ಲಿವರ್ ತಕ್ಷಣ ಮೊದಲಿನಂತೆ ಆಗುವುದಿಲ್ಲ, ಇನ್ನೂ 4 ವಾರ ಎಚ್ಚರ ಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗರ್ಭ ನಿಂತಿದೆ ಅಂತ ಗೊತ್ತಾದರೂ ಟಿಬಿ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಗರ್ಭಿಣಿಯರಿಗೂ ಅದೇ ಚಿಕಿತ್ಸೆ ಕೊಡುತ್ತಾರೆ.

ತುಂಗೆಯ ಮಗಳು:
ಫಿಟ್ಸ್ ಮಾತ್ರೆ ತಗೊಳ್ಳುವವರೂ ಇದನ್ನು ಓದಿ. ನನಗೆ ಕಾರ್ಬಮಜೆಪೀನ್ ಇತ್ತು, ಫೆನಿಟಾಯಿನ್ ಕೂಡ ಹಾಗೇ, ಅವೂ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತವೆ. ನನ್ನ ತಂಗಿಗೆ ಲ್ಯಾಮೊಟ್ರಿಜಿನ್, ಅವಳದ್ದು ತಿರುಗುಮುರುಗು. ಈಸ್ಟ್ರೋಜನ್ ಇರುವ ಮಾತ್ರೆ ಶುರು ಮಾಡಿದ ಮೇಲೆ ರಕ್ತದಲ್ಲಿ ಲ್ಯಾಮೊಟ್ರಿಜಿನ್ನೇ ಕಡಿಮೆಯಾಗಿ, ಎರಡು ವರ್ಷ ಬಾರದ ಫಿಟ್ಸ್ ಮತ್ತೆ ಬಂತು. ನರದ ಡಾಕ್ಟರಿಗೆ ಒಂದು ಚೀಟಿ, ಹೆರಿಗೆ ಡಾಕ್ಟರಿಗೆ ಇನ್ನೊಂದು ಚೀಟಿ, ಎರಡನ್ನೂ ಒಟ್ಟಿಗೆ ಯಾರೂ ನೋಡಿರಲಿಲ್ಲ. ಈಗ ನಾವಿಬ್ಬರೂ ಎಲ್ಲ ಚೀಟಿಗಳನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡೇ ಹೋಗುತ್ತೇವೆ.

ಕನಕಾಂಬರ:
ಪರೀಕ್ಷೆ ಮಾಡಿಕೊಂಡೆ, ಒಂದೇ ಗೆರೆ ಬಂತು. ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿ ಅಂತ ಆಶಾ ಅಕ್ಕ ಹೇಳಿದ್ದಾರೆ. ಸೋಮವಾರ ಅವರ ಜೊತೆಗೇ ಆಸ್ಪತ್ರೆಗೆ ಹೋಗುತ್ತೇನೆ, ಅತ್ತೆಯನ್ನು ಕರೆದುಕೊಂಡು ಹೋಗುವುದಿಲ್ಲ. ಮಾಲಾ-ಎನ್ ಪಟ್ಟಿ, ಟಿಬಿ ಕಾರ್ಡ್ ಎರಡೂ ಬ್ಯಾಗಿನಲ್ಲಿ ಇಟ್ಟಾಯಿತು.